ನಮ್ಮ ಕೇರಿಯ ಮಸಿ ಆಕ್ರೋಟನ್ನು ತಿಂದವರಿಗೆ

ಮಾನ್ಯರೇ, ನಾಡಿನ ಬಡ್ಡಿದರವನ್ನು ಏರಿಸಿ ಇಳಿಸುವ ಮಹಾಕಚೇರಿಯ ಮುಖ್ಯಸ್ಥರೇ,

ತಾವು ನಮಗೆ ಒಂದು ಪಲೋವ್ ಊಟ ಬಾಕಿ ಉಳಿಸಿಕೊಂಡಿದ್ದೀರಿ.

ನಗಬೇಡಿ. ಕಳೆದ ವಸಂತದಲ್ಲಿ, ಹಿಪ್ಪುನೇರಳೆ ಚಿಗುರುವ ಹೊತ್ತಿಗೆ, ‘ಉಳಿತಾಯ ಸಪ್ತಾಹ’ ಎಂದು ಬ್ಯಾನರು ಕಟ್ಟಿಸಿಕೊಂಡು ತಾವು ಫರ್ಗಾನಾ ಕಣಿವೆಯ ನಮ್ಮ ಕೇರಿಗೆ ಬಂದಿರಿ. ಕುಶಲ ಕೇಳಿದಿರಿ, ಭಾಷಣ ಮಾಡಿದಿರಿ, ಉಂಡಿರಿ, ಒಂದು ಆಕ್ರೋಟು ತಿಂದಿರಿ, ಕಾರು ಹತ್ತಿದಿರಿ. ಅಲ್ಲಿಗೆ ತಮ್ಮ ಪಾತ್ರ ಮುಗಿಯಿತು ಎಂದು ತಾವು ತಿಳಿದಿರಬಹುದು. ಆದರೆ ಮಾನ್ಯರೇ, ಆ ಆಕ್ರೋಟು ತಿನ್ನುವ ಪದಾರ್ಥವಾಗಿರಲಿಲ್ಲ! ಅದು ನಮ್ಮ ಕೇರಿಯ ಇಡೀ ಹಣಕಾಸು ವ್ಯವಸ್ಥೆಯಾಗಿತ್ತು. ತಾವು ಅದನ್ನು ಅಗಿದು ನುಂಗಿದ ಕ್ಷಣದಿಂದ ಇಂದು ದ್ರಾಕ್ಷಿ ಮಾಗುವವರೆಗೆ ನಮ್ಮಲ್ಲಿ ಹಣದ ಓಡಾಟವೇ ನಿಂತುಹೋಗಿದೆ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಾ? ಹೇಗೆ ಹೇಳುವುದು? ಅತಿಥಿಯ ತಪ್ಪನ್ನು ಅತಿಥಿಗೆ ತೋರಿಸುವಷ್ಟು ಕೆಟ್ಟ ನಡತೆ ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲ. ಕೊನೆಗೆ ಆ ಕೆಲಸಕ್ಕೆ ನನ್ನನ್ನು ಆರಿಸಿದರು. ನಾನು ಹೋಲ್ಮಿರ್ಜಾ. ಊರಿನ ನಾಟಕಶಾಲೆಯಲ್ಲಿ ಬಹುಕಾಲ ರಾಜನ ಪಾತ್ರ ಮಾಡಿದವನು. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸಿದ ಗಂಟಲು ಇದು. ಬರೆಯುವಾಗಲೂ ದನಿ ತಗ್ಗುವುದಿಲ್ಲ, ಕ್ಷಮೆಯಿರಲಿ.

ಪರದೆ ಏಳಲಿ! ನಮ್ಮದೊಂದು ಗಶ್ತಕ್ ಇದೆ. ತಮ್ಮ ಭಾಷಣದಲ್ಲಿ ತಾವು ಅದನ್ನು ‘ವ್ಯವಸ್ಥೆಯ ಹೊರಗೆ ಕೊಳೆಯುತ್ತಿರುವ ಸತ್ತ ಹಣ’ ಎಂದಿರಿ. ನಾಟಕಶಾಲೆಯವರು, ಅಕ್ಕಪಕ್ಕದ ಅಂಗಡಿಯವರು ಸೇರಿ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತೇವೆ. ಎಲ್ಲರೂ ಸಮನಾಗಿ ಸೋಮ್ ನೋಟುಗಳನ್ನು ಹಾಕುತ್ತಾರೆ. ಕೂಡಿದ ಹಣವೆಲ್ಲ ಅಂದು ಪಲೋವ್ ಉಣಿಸಿದ ಮನೆಯವರದು. ಮುಂದಿನ ಸರದಿ ಯಾರದೆಂದು ತಿಳಿಯಲು ಟೊಪ್ಪಿಯೊಂದರಲ್ಲಿ ಆಕ್ರೋಟುಗಳನ್ನು ಹಾಕಿ ಎತ್ತಿಸುತ್ತೇವೆ. ಅವುಗಳಲ್ಲಿ ಒಂದಕ್ಕೆ ಕಡಾಯಿಯ ಮಸಿ ಬಳಿದಿರುತ್ತದೆ. ಮಸಿಕಾಯಿ ಸಿಕ್ಕವರು ಮುಂದಿನ ಆತಿಥೇಯರು. ತಮ್ಮ ಪಲೋವ್ ದಿನ ಅದನ್ನು ಟೊಪ್ಪಿಗೆ ಮರಳಿಸಬೇಕು. ಸರದಿ ಮುಗಿದವರೂ ಅತಿಥಿಗಳೂ ಎದೆಗೆ ಕೈಯಿಟ್ಟು ಟೊಪ್ಪಿಯನ್ನು ಪಕ್ಕಕ್ಕೆ ದಾಟಿಸಬೇಕು. ಕಾಗದವಿಲ್ಲ, ಸಹಿಯಿಲ್ಲ, ಜಾಮೀನಿಲ್ಲ.

ತಾವು ಬಂದ ಸಂಜೆ, ಆ ಸುತ್ತಿನಲ್ಲಿ ಸರದಿ ಬಾರದೆ ಉಳಿದಿದ್ದವಳು ಬಸೋರತ್ ಒಬ್ಬಳೇ. ಹಿಂದೆ ನಮ್ಮ ನಾಟಕದ ಮೇಳದಲ್ಲಿ ಹಾಡುತ್ತಿದ್ದವಳು, ಈಗ ಬೀದಿಯ ತುದಿಯಲ್ಲಿ ತಂದೂರಿನಲ್ಲಿ ನೋನ್ ರೊಟ್ಟಿ ಸುಡುತ್ತಾಳೆ. ಅವಳ ತಂದೂರು ಬಾಯಿಂದ ಬುಡದವರೆಗೆ ಬಿರುಕು ಬಿಟ್ಟಿದೆ. ಶರತ್ಕಾಲದ ಮದುವೆಗಳಿಗೆಲ್ಲ ಅವಳ ರೊಟ್ಟಿಯೇ ಬೇಕೆಂದು ಕಲ್ಯಾಣಮಂಟಪದವರು ಕೇಳಿದ್ದಾರೆ. ಷರತ್ತು ಒಂದೇ, ಸೇಬಿನ ಜಾತಿಯ ಬಿಹಿಹಣ್ಣು ಮಾಗುವುದರೊಳಗೆ ಹೊಸ ತಂದೂರುಗಳು ಉರಿಯುತ್ತಿರಬೇಕು. ಇಲ್ಲವಾದರೆ ಪಟ್ಟಣದ ಕಾರ್ಖಾನೆಯ ರೊಟ್ಟಿ. ಆದ್ದರಿಂದ ಆ ಸಂಜೆ ಟೊಪ್ಪಿಯಲ್ಲಿ ಇದ್ದದ್ದು ಒಂದೇ ಕಾಯಿ, ಮಸಿಯದು, ಬಸೋರತ್‌ಗೆ ಸೇರಬೇಕಾದದ್ದು. ನಮ್ಮ ಗಶ್ತಕ್‌ನ ಹಿರಿಯ, ಕಸಾಯಿ ಮಮಾಯೂಸುಫ್, ಪದ್ಧತಿಯಂತೆ ಟೊಪ್ಪಿಯನ್ನು ಮೊದಲು ಅತಿಥಿಯ ಮುಂದೆ ಹಿಡಿದ.

“ತಗೊಳ್ಳಿ ದೋಮ್ಲಾ,” ಎಂದ. ಓದಿದವರನ್ನು ನಾವು ಹಾಗೆಯೇ ಕರೆಯುವುದು.

ತಾವು ತಗೊಂಡೇ ಬಿಟ್ಟಿರಿ! ಎದೆ ಮುಟ್ಟಲಿಲ್ಲ, ದಾಟಿಸಲಿಲ್ಲ. ಮುಷ್ಟಿಯಲ್ಲಿ ಹಿಚುಕಿದಿರಿ. ಟಪ್ ಎಂದಿತು. ಕುಳಿತವರ ಟೀ ಬಟ್ಟಲುಗಳು ಬಾಯಿಗೆ ಹೋಗುವ ದಾರಿಯಲ್ಲೇ ನಿಂತವು. ನಾನು ರಂಗದ ಮೇಲೆ ಎಷ್ಟೋ ಸಲ ವಿಷ ಕುಡಿದು ಸತ್ತವನು. ಅಂಥ ನಿಶ್ಶಬ್ದವನ್ನು ಯಾವ ಸಾವಿಗೂ ಗಳಿಸಿರಲಿಲ್ಲ. ಮಾನ್ಯರೇ, ಆ ಕಾಯಿ ನನ್ನ ಮದುವೆಗಿಂತ ಹಳೆಯದು. ಅದರೊಳಗಿನ ತಿರುಳು ಹೇಗಿತ್ತೋ ತಮಗೇ ಗೊತ್ತು. ತಮ್ಮ ತುಟಿ ಒಂದು ಕಡೆಗೆ ಎಳೆದುಕೊಂಡಿತು, ಕಣ್ಣಲ್ಲಿ ನೀರು ನಿಂತಿತು, ಆದರೂ ಎದೆಗುಂದದೆ ಅಗಿದಿರಿ.

“ಬಹಳ ರುಚಿ. ನಿಮ್ಮ ತೋಟದ್ದೇ?” ಎಂದಿರಿ.

“ತೋಟದ್ದೇ, ದೋಮ್ಲಾ, ತೋಟದ್ದೇ,” ಎಂದ ಮಮಾಯೂಸುಫ್. ಅವನಿಗೆ ತೋಟವೇ ಇಲ್ಲ.

ತಮ್ಮ ಮರ್ಯಾದೆಗೆ ನಮ್ಮ ಮರ್ಯಾದೆ ಸಾಟಿಯಾಯಿತು. ಎರಡರ ನಡುವೆ ಬಸೋರತ್‌ಳ ತಂದೂರು ಅಪ್ಪಚ್ಚಿಯಾಯಿತು.

ತಮ್ಮ ಕಾರಿನ ಧೂಳು ಅಡಗುವ ಮೊದಲೇ ಜಗಳ ಶುರು. “ಇದೇನು ಮಹಾ ವಿಷ್ಯ?” ಎಂದಳು ಬಸೋರತ್. “ಇನ್ನೊಂದು ಕಾಯಿಗೆ ಮಸಿ ಬಳೀರಿ, ನನ್ ಕೈಗೆ ಕೊಡಿ, ಮುಗೀತು.”

“ಹೇಗಮ್ಮಾ ಮುಗಿಯತ್ತೆ?” ಎಂದ ಮಮಾಯೂಸುಫ್. “ಈಗಷ್ಟೇ ದೋಮ್ಲಾ ಏನಂದ್ರು? ಬೇಕು ಬೇಕಾದಾಗ ನೋಟು ಅಚ್ಚು ಹಾಕಿದ್ರೆ ನೋಟಿಗೆ ಬೆಲೆ ಇರಲ್ಲ ಅಂದ್ರಲ್ವಾ? ಕಾಯಿಗೂ ಅದೇ ಲೆಕ್ಕ. ಇವತ್ತು ನಿನಗೊಂದು ಬಳೀತೀನಿ. ನಾಳೆ ಹೋಲ್ಮಿರ್ಜಾ ಬರ್ತಾನೆ, ನನ್ನ ಸೂರು ಸೋರ್ತಿದೆ, ನನಗೂ ಒಂದು ಬಳಿ ಅಂತಾನೆ. ಎಲ್ಲರ ಜೇಬಲ್ಲೂ ಮಸಿಕಾಯಿ! ಆಮೇಲೆ ಪಲೋವ್ ಮಾಡೋನು ಯಾರು?”

“ಅಕಾ, ನನ್ನಣ್ಣಾ, ನೀವು ಭಾಷಣ ಕೇಳಿದ್ದು ಇದೇ ಮೊದಲ ಸಲ, ಅದೂ ನನ್ನ ತಲೆ ಮೇಲೇ ಬಂತಲ್ಲ!”

“ನಿಯಮ ಅಂದ್ರೆ ನಿಯಮ ಕಣಮ್ಮಾ. ಕಾಯಿ ತಿಂದವರೇ ಉಣಿಸ್ಬೇಕು.”

“ಅವರಿಗೆ ಗೊತ್ತೇ ಇಲ್ವಲ್ಲ, ತಾವು ಉಣಿಸ್ಬೇಕು ಅಂತ!”

“ಅತಿಥಿಗೆ ಹೇಳೋಕಾಗತ್ತಾ?” ಎಂದು ಅವನು ನನ್ನ ಕಡೆ ತಿರುಗಿದ. ನಾನು, ಸಾಮ್ರಾಜ್ಯಗಳನ್ನು ಗದರಿಸಿದವನು, ಟೀ ಬಟ್ಟಲಿನೊಳಗೆ ಇಣುಕಿ ನೋಡುತ್ತ ಕುಳಿತೆ.

ನೋಡಿ ಮಾನ್ಯರೇ, ತಮ್ಮ ನೀತಿಯನ್ನು ಇಡೀ ನಾಡಿನಲ್ಲಿ ಇಷ್ಟು ನಿಷ್ಠೆಯಿಂದ ಪಾಲಿಸಿದ ಕೇರಿ ಇನ್ನೊಂದಿಲ್ಲ. ಹೊಸ ಕಾಯಿ ಬಿಡುಗಡೆ ಮಾಡಲಿಲ್ಲ. ಹಣ ಎಲ್ಲರ ಜೇಬಿನಲ್ಲಿ ಭದ್ರವಾಗಿ ಉಳಿಯಿತು. ಉಳಿತಾಯವೋ ಉಳಿತಾಯ! ಫಲ ಕೇಳಿ. ಬಸೋರತ್ ಹೊಸ ತಂದೂರಿಗೆ ಹೇಳಲಿಲ್ಲವಾದ್ದರಿಂದ ಕುಂಬಾರನಿಗೆ ಕೆಲಸವಿಲ್ಲ. ಕುಂಬಾರ ಮಾಂಸ ಕೊಳ್ಳುವುದು ಬಿಟ್ಟ. ಮಾಂಸ ಹೋಗದ್ದರಿಂದ ಮಮಾಯೂಸುಫ್ ತನ್ನ ಅಂಗಡಿಗೆ ಬಣ್ಣ ಹೊಡೆಸುವುದನ್ನು ಮುಂದೂಡಿದ. ಬಣ್ಣದವನು ಮಗಳ ಹೊಸ ಅಂಗಿಯನ್ನು ಮುಂದೂಡಿದ. ಆ ಅಂಗಿ ಹೊಲಿಯಬೇಕಿದ್ದವಳು ನನ್ನ ಹೆಂಡತಿ ಜುಮ್ರಾದ್. ಹೀಗೆ ತಾವು ತಿಂದ ಆಕ್ರೋಟು ಬೀದಿಯನ್ನೆಲ್ಲ ಸುತ್ತಿ ಬಂದು ನನ್ನ ತಟ್ಟೆಯ ಮಾಂಸವನ್ನೂ ತಿಂದಿತು. ಯಾರೂ ಬಡವರಾಗಿಲ್ಲ, ಎಲ್ಲರ ಜೇಬಿನಲ್ಲೂ ಹಣವಿದೆ, ಯಾರ ಕೈಯಲ್ಲೂ ಕೆಲಸವಿಲ್ಲ. ನಟರೆಲ್ಲ ವೇಷ ಕಟ್ಟಿಕೊಂಡು ಪಕ್ಕದ ಪರದೆಯ ಹಿಂದೆ ಸಾಲಾಗಿ ನಿಂತಿದ್ದಾರೆ, ರಂಗದ ಮೇಲೆ ಯಾರೂ ಇಲ್ಲ. ಹೇಳಿ, ಸತ್ತ ಹಣ ಯಾವುದು? ಟೊಪ್ಪಿಯ ಸುತ್ತ ಕೈಯಿಂದ ಕೈಗೆ ಓಡಾಡುತ್ತಿದ್ದದ್ದೋ, ಜೇಬಿನಲ್ಲಿ ಬೆವರುತ್ತ ಕುಳಿತದ್ದೋ?

ನಾನು ತಮ್ಮ ವೈರಿಯಲ್ಲ. ಬಡ್ಡಿದರ ಏರಿಸಿದ್ದಕ್ಕೆ ಚಹಾದಂಗಡಿಯಲ್ಲಿ ಎಲ್ಲರೂ ತಮ್ಮನ್ನು ಬೈಯುವಾಗ ತಮ್ಮ ಪರವಾಗಿ ಎದ್ದು ನಿಂತವನು ನಾನೊಬ್ಬನೇ. ಯಾಕೆಂದರೆ ನನಗೆ ಕಡಾಯಿಗಳ ಕಾಲ ನೆನಪಿದೆ. ಹಳೆಯ ರೂಬಲ್ ಕರಗಿ ಸೋಮ್ ಬರುತ್ತಿದ್ದ ವರ್ಷಗಳು ಅವು. ಸಂಬಳ ಕೈಗೆ ಬಂದು ನಾನು ಕಿರೀಟ ಕಳಚಿಡುವಷ್ಟರಲ್ಲಿ ಅದರ ಬೆಲೆ ಇಳಿದಿರುತ್ತಿತ್ತು. ಜುಮ್ರಾದ್ ನಾಟಕಶಾಲೆಯ ಬಾಗಿಲಲ್ಲೇ ಕಾದಿದ್ದು, ನೋಟು ಕಿತ್ತುಕೊಂಡು ಪೇಟೆಗೆ ಓಡುತ್ತಿದ್ದಳು. ಒಂದು ದಿನ ಕಡಾಯಿ ಹೊತ್ತು ತಂದಳು. ಮರುತಿಂಗಳು ಇನ್ನೊಂದು.

“ಏನೇ ಇದು, ಬೇಯಿಸೋಕೆ ಅಕ್ಕಿ ಎಲ್ಲಿ?” ಎಂದು ಕೇಳಿದೆ.

“ಅಕ್ಕಿ ನಾಳೆ ನೋಡೋಣ. ಕಡಾಯಿ ನಾಳೆ ಈ ರೇಟಿಗೆ ಸಿಗಲ್ಲ. ನಿಮ್ಮ ನೋಟು ಮಂಜುಗಡ್ಡೆ ಇದ್ದಂಗೆ, ಹಿಡ್ಕೊಂಡಷ್ಟೂ ನೀರು. ಕಬ್ಬಿಣ ಕರಗತ್ತಾ ಹೇಳಿ?”

ಬೀದಿಯ ಹೆಂಗಸರೆಲ್ಲ ಇದೇ ಯೋಚನೆ ಮಾಡಿದರು. ಎಲ್ಲರೂ ಓಡಿದರು; ಓಡಿದ್ದರಿಂದಲೇ ಕಡಾಯಿಯ ಬೆಲೆ ಏರಿತು; ಏರಿದ್ದನ್ನು ಕಂಡು ಇನ್ನಷ್ಟು ಜೋರಾಗಿ ಓಡಿದರು. ಬೆಲೆ ಏರುತ್ತದೆ ಎಂಬ ಭಯವೇ ಬೆಲೆಯನ್ನು ಏರಿಸುತ್ತದೆ ಎಂದು ತಾವು ಭಾಷಣದಲ್ಲಿ ಹೇಳಿದಾಗ ನಾನು ಜೋರಾಗಿ ಚಪ್ಪಾಳೆ ತಟ್ಟಿದೆ; ಪಕ್ಕದಲ್ಲಿದ್ದ ಜುಮ್ರಾದ್ ನನ್ನ ಪಕ್ಕೆಗೆ ತಿವಿದಳು. ಬಡ್ಡಿ ಚೆನ್ನಾಗಿದ್ದರೆ ಜನ ನೋಟನ್ನು ನಂಬಿ ಇಟ್ಟುಕೊಳ್ಳುತ್ತಾರೆ, ಕಡಾಯಿಗೆ ಓಡುವುದಿಲ್ಲ. ಒಪ್ಪಿದೆ. ನನ್ನ ಪಿಂಚಣಿಯಲ್ಲಿ ಉಳಿದದ್ದನ್ನು ನಾನೂ ಬ್ಯಾಂಕಿನಲ್ಲಿಟ್ಟೆ. ಬಡ್ಡಿ ಬಂದ ದಿನ ಖರಬೂಜ ಹೊತ್ತು ರಾಜನಂತೆ ಮನೆಗೆ ನಡೆದೆ.

ದಾರಿಯಲ್ಲಿ ಬಸೋರತ್ ಸಿಕ್ಕಳು. ಸಾಲ ಕೇಳಲು ಅದೇ ಬ್ಯಾಂಕಿಗೆ ಹೋಗಿ ಬರುತ್ತಿದ್ದಳು.

“ಏನಂದ್ರು?”

“ತಂದೂರಿನ ಸಾಲಕ್ಕೆ ಎಷ್ಟು ಬಡ್ಡಿ ಹೇಳಿದ್ರು ಗೊತ್ತಾ ಅಕಾ? ಪ್ರತಿ ಮೂರನೇ ರೊಟ್ಟಿ ಅವರಿಗೇ ಸುಡ್ಬೇಕು. ನಾನು ಕೇಳಿದೆ, ಬ್ಯಾಂಕಿನೋರು ಅಷ್ಟೊಂದು ರೊಟ್ಟಿ ತಿಂತೀರಾ ಅಂತ. ಆ ಹುಡುಗಿ ನಗಲೂ ಇಲ್ಲ, ಮುಂದಿನವರು ಬನ್ನಿ ಅಂದ್ಳು.” ಆಮೇಲೆ ನನ್ನ ಕಂಕುಳಿನ ಕಡೆ ನೋಡಿದಳು. “ಖರಬೂಜ ಚೆನ್ನಾಗಿದೆ. ನಿಮಗೆ ಬಡ್ಡಿ ಬಂತಾ?”

ಆಗ ಹೊಳೆಯಿತು ನನಗೆ. ನನ್ನ ಖರಬೂಜದ ಸಿಹಿಯೂ ಅವಳ ಸಾಲದ ಕಹಿಯೂ ಒಂದೇ ಕಡಾಯಿಯಲ್ಲಿ ಬೆಂದದ್ದು. ಬಡ್ಡಿದರ ಏರಿದಾಗ ಕುಳಿತು ತಿನ್ನುವ ಮುದುಕನಿಗೆ ಖರಬೂಜ, ಎದ್ದು ದುಡಿಯುವವಳಿಗೆ ‘ಮುಂದಿನವರು ಬನ್ನಿ’. ಬೆಲೆಗಳ ಕುದುರೆ ಓಡಿಹೋಗದಂತೆ ಲಗಾಮು ಬೇಕು, ನಿಜ. ಆದರೆ ಲಗಾಮು ಹಿಡಿದವರು ಕುದುರೆಯ ಬಾಯನ್ನು ಒಮ್ಮೆಯಾದರೂ ನೋಡಿದ್ದಾರೆಯೇ? ಅರ್ಧಕ್ಕರ್ಧ ಖರಬೂಜವನ್ನು ಅಲ್ಲೇ ಕತ್ತರಿಸಿ ಬಸೋರತ್‌ಗೆ ಕೊಟ್ಟೆ. “ಇದಕ್ಕೆ ಬಡ್ಡಿ ಎಷ್ಟು?” ಎಂದು ಕೇಳಿ, ತಿನ್ನುತ್ತಲೇ ಹೋದಳು. ಅವಳು ನಗುತ್ತಾಳೆ ಮಾನ್ಯರೇ, ಅದೇ ಕಷ್ಟ. ಅತ್ತಿದ್ದರೆ ಮಮಾಯೂಸುಫ್ ಎಂದೋ ಕರಗಿ ನಿಯಮ ಮುರಿಯುತ್ತಿದ್ದ.

ಈಗ ಬೇಡಿಕೆ. ಬಡ್ಡಿದರ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಅದು ತಮ್ಮ ಲೆಕ್ಕ, ತಮ್ಮ ತಲೆನೋವು. ನಾನು ಕೇಳುವುದು ಪಲೋವ್. ಬಿಹಿಹಣ್ಣು ಮಾಗುವ ಮುಂಚೆ, ಯಾವ ಭಾನುವಾರವಾದರೂ ಸರಿ, ತಾವು ಬಂದು ನಮ್ಮ ಗಶ್ತಕ್‌ಗೆ ಉಣಿಸತಕ್ಕದ್ದು. ಮನೆ ದೂರವೆಂಬ ನೆಪ ಬೇಡ, ನನ್ನ ಅಂಗಳವನ್ನು ಬಿಟ್ಟುಕೊಡುತ್ತೇನೆ. ಕಡಾಯಿಗಳಿಗಂತೂ ನಮ್ಮ ಮನೆಯಲ್ಲಿ ಬರವಿಲ್ಲ. ಅಕ್ಕಿ, ಕುರಿಮಾಂಸ, ಹಳದಿ ಗಜ್ಜರಿ ತಮ್ಮವು. ಮಮಾಯೂಸುಫ್ ಮಾಂಸವನ್ನು ರಿಯಾಯಿತಿಯಲ್ಲಿ ಕೊಡುತ್ತಾನಂತೆ. ಹಾಗೆಂದು ಅವನು ಎಲ್ಲರಿಗೂ ಹೇಳುತ್ತಾನೆ.

ಅಂದು ಕೂಡಿದ ಹಣವೆಲ್ಲ ನಿಯಮದಂತೆ ತಮ್ಮದು. ಗಾಬರಿಯಾಗಬೇಡಿ, ಲಂಚವಲ್ಲ; ಮುಂದಿನ ಸುತ್ತಿನುದ್ದಕ್ಕೂ ತಿಂಗಳು ತಿಂಗಳು ತಾವೂ ಹಾಕಬೇಕು. ಆ ಹಣವನ್ನು ತಾವು ಏನು ಬೇಕಾದರೂ ಮಾಡಬಹುದು. ಬ್ಯಾಂಕಿನಲ್ಲಿಡಬಹುದು, ಬಡ್ಡಿ ಬಹಳ ಚೆನ್ನಾಗಿದೆ. ಅಥವಾ ಮುಂದಿನ ತಿಂಗಳ ತನ್ನ ಸರದಿಗೆ ಕಾಯಲಾರದ ಬಸೋರತ್‌ಗೆ ಅಲ್ಲೇ ಸಾಲವಾಗಿ ಕೊಡಬಹುದು. ಕೊಟ್ಟರೆ, ನನ್ನದೊಂದೇ ಕೋರಿಕೆ: ಬಡ್ಡಿ ಎಷ್ಟೆಂದು ತಾವೇ ಹೇಳಬೇಕು, ಎಲ್ಲರೆದುರು, ಅವಳ ಮುಖ ನೋಡಿಕೊಂಡು, ಅವಳು ಸುಟ್ಟ ರೊಟ್ಟಿ ಮುರಿಯುತ್ತ. ಇಡೀ ನಾಡಿಗೆ ಬಡ್ಡಿದರ ನಿಗದಿ ಮಾಡಿದ್ದೀರಿ. ಎದುರಿಗೆ ಕುಳಿತ ಒಬ್ಬಳಿಗೆ ಒಮ್ಮೆ ನಿಗದಿ ಮಾಡಿ ನೋಡಿ. ಅದೇ ಸಂಖ್ಯೆ ಬಾಯಿಗೆ ಬಂದರೆ ನಾನು ಮತ್ತೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಇನ್ನು, ಟೊಪ್ಪಿಗೆ ಮರಳಿಸಲು ಕಾಯಿಯೇ ಇಲ್ಲವಲ್ಲ ಎನ್ನುತ್ತೀರಾ? ಇದೆ. ತಾವು ಹೋದ ಮೇಲೆ ಊಟದ ಹಾಸುಬಟ್ಟೆ ದಸ್ತರ್ಖಾನ್ ಕೊಡವುವಾಗ ಬಸೋರತ್ ತಮ್ಮ ತಟ್ಟೆಯ ಪಕ್ಕದಿಂದ ಎರಡು ಚಿಪ್ಪುಗಳನ್ನು ಆರಿಸಿ ತಲೆವಸ್ತ್ರದ ತುದಿಯಲ್ಲಿ ಕಟ್ಟಿಕೊಂಡಿದ್ದಳಂತೆ. ಮೊನ್ನೆ ಅವುಗಳನ್ನು ರೊಟ್ಟಿಯ ಹಿಟ್ಟಿನಿಂದ ಅಂಟಿಸಿ, ತಂದೂರಿನ ಬಾಯಲ್ಲಿ ಒಣಗಿಸಿ, ತಂದು ಮಮಾಯೂಸುಫ್‌ನ ಮುಂದಿಟ್ಟಳು. ಅವನು ತಿರುಗಿಸಿ ನೋಡಿದ. ಕಿವಿಯ ಬಳಿ ಅಲ್ಲಾಡಿಸಿದ.

“ಒಳಗೇನೂ ಇಲ್ವಲ್ಲಮ್ಮಾ.”

“ಹಿಂದೆ ಇತ್ತು ಅಂತ ನೀವು ಯಾವತ್ತಾದ್ರೂ ಒಡೆದು ನೋಡಿದ್ರಾ ಅಕಾ?”

ಮಮಾಯೂಸುಫ್ ಚಿಪ್ಪನ್ನು ಉಜ್ಜಿ ತನ್ನ ಬೆರಳು ನೋಡಿಕೊಂಡ. “ಮಸಿ ಹಳೇದೇ,” ಎಂದ. “ನಡಿಯತ್ತೆ. ಆದ್ರೆ ತಿಂದವರ ಕೈಯಿಂದಲೇ ಟೊಪ್ಪಿಗೆ ಬೀಳ್ಬೇಕು.”

ಆ ಕಾಯಿಯನ್ನು ಹತ್ತಿಯಲ್ಲಿ ಸುತ್ತಿ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಹಗುರವಾಗಿದೆ, ಜೋಪಾನ. ಒಳಗೆ ತಿರುಳಿಲ್ಲ, ಹಿಡಿದವರು ಮರಳಿ ತರುತ್ತಾರೆಂಬ ನಂಬಿಕೆಯಷ್ಟೇ ಇದೆ. ನೋಟಿನ ಮೇಲೆ ಸಹಿ ಹಾಕುವ ತಮಗೆ ಇದನ್ನು ನಾನು ವಿವರಿಸಬೇಕೇ?

ಈ ಸಲ ದಯವಿಟ್ಟು ತಿನ್ನಬೇಡಿ.

ಇಂತಿ,
ರಂಗದ ಮೇಲೆ ಎಷ್ಟೋ ಖಜಾನೆಗಳನ್ನು ಕಾಲಿನಿಂದ ಒದ್ದು, ಈಗ ತಮ್ಮ ಪಲೋವ್‌ಗೆಂದು ಮುಂಗಡವಾಗಿ ಗಜ್ಜರಿ ಹೆಚ್ಚಲು ಹೆಂಡತಿಯಿಂದ ನೇಮಕಗೊಂಡಿರುವ,
ಹೋಲ್ಮಿರ್ಜಾ