ಗಡಿಯಾರದ ಕ್ನೋರ್ ಮೇಲೆ ಕಟ್ಟಿದ ಎರಡು ಸಾಲು

ವಾಲ್ಡ್‌ಹೈನ್, 3 ನವೆಂಬರ್ 1911

ಅಕ್ಕನಿಗೆ ನಮಸ್ಕಾರ.

ಜನ ಮರೆತೇಬಿಟ್ಟಿದ್ದ ‘ಏಳನೆಯ ವರ’ ಎಂಬ ಮದುವೆಯ ಹಾಡುನಾಟಕವನ್ನು ನಮ್ಮ ನಾಟಕ ಕಂಪನಿ ಧೂಳು ಕೊಡವಿ ಆಡುತ್ತಿದೆ. ಹಾಸ್ಯಗಾರ ನಾನೇ; ಅವನ ಹಾಡಿಗೆ ಹೋದ ಹೋದ ಊರಿನ ಮೇಲೊಂದು ಹೊಸ ನುಡಿ ಕಟ್ಟುವ ಪದ್ಧತಿ ನಿನಗೆ ಗೊತ್ತಲ್ಲ. ಇಲ್ಲಿ ಕ್ಷೌರದವನು ನನ್ನ ಗಡ್ಡ ಹೆರೆಯುತ್ತ ಸುದ್ದಿ ಕೊಟ್ಟ: ಗಡಿಯಾರ ರಿಪೇರಿಯ ಕ್ನೋರ್ ಎಂಟು ವರ್ಷದಿಂದ ವಿಧವೆ ವಾಲ್ಬುರ್ಗಾರನ್ನು ಮದುವೆಗೆ ಕೇಳುತ್ತಲೇ ಇದ್ದಾರಂತೆ. ನಿನ್ನೆ ಹಾಡಿದೆ:

ಊರ ಗಡಿಯಾರವನೆಲ್ಲ ನಡೆಸುವ ಜಾಣ,
ತನ್ನ ಮದುವೆಯ ಮುಳ್ಳೇ ತಿರುಗದು, ಕಾಣ!

ಒಬ್ಬರೂ ನಗಲಿಲ್ಲ. ಸುದ್ದಿ ಒಂದು ದಿನ ಹಳೆಯದಾಗಿತ್ತು. ಆಕೆ ನಿನ್ನೆ ಬೆಳಿಗ್ಗೆಯಷ್ಟೇ ಒಪ್ಪಿ, ಉಂಗುರ ತೊಟ್ಟು, ಮುಂದಿನ ಸಾಲಿನಲ್ಲಿ ಕ್ನೋರ್ ಪಕ್ಕದಲ್ಲೇ ಕೂತಿದ್ದರು. ಆಕೆ ಎದ್ದು ನಿಂತು ಕ್ನೋರ್ ಅವರನ್ನೇ ಕೇಳಿದರು:

“ನನ್ನ ಬಾಗಿಲಲ್ಲಿ ನಿಂತು ಬೇಡಿದ್ದನ್ನ ಈ ನಾಟಕದೋರ್ಗೂ ಹೇಳ್ಕೊಂಡ್ರಾ?”

“ನಾನಲ್ಲ ಕಣೇ, ನಿನ್ನಾಣೆ!”

ಆಕೆ ಉಂಗುರ ಬಿಚ್ಚಿ ಅವರ ಟೋಪಿಯೊಳಗೆ ಹಾಕಿ ಹೊರಟೇಹೋದರು.

ಇಂದು ಬೆಳಿಗ್ಗೆ ಆಕೆಯ ಮನೆಗೆ ಹೋಗಿ, ಹೇಳಿದ್ದು ಕ್ಷೌರದವನು, ಕ್ನೋರ್ ಅಲ್ಲ ಎಂದು ಬೇಡಿಕೊಂಡೆ. ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಅಂದರು: “ಯಾರು ಹೇಳಿದ್ರೇನು? ಊರೋರೆಲ್ಲ ಎಂಟು ವರ್ಷ ನಮ್ಮನ್ನ ನೋಡಿ ನಗ್ತಿದ್ರು ಅಂತ ತಿಳೀತಲ್ಲ, ಸಾಕು. ಮದುವೆ ಗಿದುವೆ ನಿಮ್ಮ ನಾಟಕದಲ್ಲೇ ಇರ್ಲಿ.”

ನನ್ನ ಕೆಮ್ಮು ಹಾಗೇ ಇದೆ. ಉಣ್ಣೆಯ ಒಳಂಗಿ ಕಳಿಸು. ಕ್ನೋರ್ ಅಂಗಡಿಗೂ ಹೋಗಿದ್ದೆ. ಬಯ್ಯಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ. “ಪ್ರಾಸ ಚೆನ್ನಾಗಿತ್ತು ಸ್ವಾಮಿ” ಅಂದರು, ಅಷ್ಟೇ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ ಲೆಬೆರೆಕ್ಟ್