ತೊಳೆಯಬಾರದ ಕಲೆ

ಅಮ್ಮಾ,

ನಿನಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಆಫೀಸಿಗೆ ಹೊರಟೆ. ಎದ್ದ ಕೂಡಲೇ ಮೋಟರ್ ಹಾಕು, ಮಹಡಿ ಮೇಲಿನ ಟ್ಯಾಂಕ್ ಖಾಲಿ. ಅಪ್ಪನ ಟ್ಯಾಂಕುಗಳಿಗೆ ಮಾತ್ರ ಇನ್ನು ನೀರು ಬೇಡ ತಾಯಿ!

ನಿನ್ನೆ ನಾನು ಕೂಗಾಡಿದ್ದು ನಿನ್ನ ಮೇಲಲ್ಲ. ಅಪ್ಪ ಹೋದಮೇಲೆ ನೀನು ಮೊದಲ ಸಲ ಅವರ ಮೇಜು ಮುಟ್ಟಿದೆ. ಅವರು ಮಾಡಿಟ್ಟ ಆ ಅಂಗೈಯಗಲದ ಯುದ್ಧದ ಟ್ಯಾಂಕಿನ ಮಾದರಿಯನ್ನ ಸೋಪು, ಹಲ್ಲುಜ್ಜೋ ಬ್ರಷ್ಷು ಹಿಡಿದು ಫಳಫಳ ಮಾಡಿದೆ. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು. ಆದರೆ ಚಕ್ರದ ಮೇಲಿದ್ದ ಆ ಕೆಸರು ತೊಳೆಯೋ ಕಲೆಯಲ್ಲಮ್ಮ, ಅಪ್ಪ ಕಲಿತ ಕಲೆ. ಆಸ್ಪತ್ರೆಗೆ ಸೇರೋ ಮುಂಚಿನ ವಾರವೆಲ್ಲ ಕೂತು, ನಡುಗೋ ಕೈಯಲ್ಲಿ ಚುಕ್ಕಿಚುಕ್ಕಿಯಾಗಿ ಹಚ್ಚಿದ ಬಣ್ಣ. ಅವರು ಕೊನೆಗೆ ಮಾಡಿದ ಕೆಲಸ ಅದೇ.

ಅದರ ಪಕ್ಕದ ಪುಟ್ಟ ಜೀಪಿನ ಧೂಳೂ ಬಣ್ಣವೇ. ಒರೆಸಬೇಡ.

ಊಟ ಬಿಟ್ಟು ಅಳ್ತಾ ಕೂರಬೇಡ. ಅಪ್ಪ ಇದ್ದಿದ್ರೆ, "ಹೋಗ್ಲಿ ಬಿಡೇ, ಯುದ್ಧ ಮುಗಿಸಿ ಬಂದೋನಿಗೆ ಸ್ನಾನ ಮಾಡಿಸಿದೀಯ, ಅಷ್ಟೇ ತಾನೆ!" ಅಂತಿದ್ರು.

ಊರವರ ದನಿಯನ್ನೆಲ್ಲ ಅಣಕಿಸೋ ನಾನು, ಇದನ್ನ ಅಪ್ಪನ ಥರಾನೇ ಹೇಳಿ ನಿನ್ನ ನಗಿಸೋಣ ಅಂತ ಬೆಳಿಗ್ಗೆ ಕನ್ನಡಿ ಮುಂದೆ ನಿಂತೆ. ಎಷ್ಟು ಸಲ ಬಾಯಿ ತೆಗೆದರೂ ಆ ದನಿ ಬರಲಿಲ್ಲ. ಅದಕ್ಕೇ ಬರೆದಿಟ್ಟೆ.