ಹತ್ತು ಸೆಕೆಂಡಿನ ಕಾರಣ

ಪುರಾಣಿಕಾ,

ನೀನು ತೀರಿಕೊಂಡ ಮೇಲೆ, ನಮ್ಮ ಯಂತ್ರಗಳಿಗೆ ನೀನು ಬರೆದ ಪ್ರೋಗ್ರಾಮಿನ ಕೋಡ್ ಎಲ್ಲ ನನ್ನ ಪಾಲಿಗೆ ಬಂತು. ಆಸ್ತಿ ಎಂದುಕೊಂಡೆ, ನನಗದು ಜಾಸ್ತಿಯೇ ಆಯಿತು.

ನಮ್ಮ ಔಷಧ ಹನಿಸುವ ಯಂತ್ರ ಕರೆಂಟು ಹೋಗಿ ಬಂದ ಮೇಲೆ ಹತ್ತು ಸೆಕೆಂಡು ಸುಮ್ಮನಿರುತ್ತದೆ. ಹಾಗೆ ಇರಿಸಿದವನು ನೀನು. "ಅದ್ಯಾಕ್ರೀ ಕಾಯ್ಬೇಕು? ತೆಗೀರಿ, ನಾಳೆ ಆಸ್ಪತ್ರೆಗೆ ಕಳಿಸ್ಬೇಕು," ಎಂದರು ಮ್ಯಾನೇಜರ್ ಮೇಡಂ.

ಕಾರಣ ಹುಡುಕಿ ಇವತ್ತು ನಿನ್ನ ಕಮಿಟ್ ಮೆಸೇಜು, ಅಂದರೆ ಆ ಬದಲಾವಣೆಯ ಜೊತೆ ನೀನು ಬರೆದಿಟ್ಟ ಟಿಪ್ಪಣಿ, ತೆರೆದೆ. ಒಂದು ಸಾಲು ಬದಲಿಸಿದರೂ ಯಾಕೆ, ಯಾರಿಗಾಗಿ, ತೆಗೆದರೆ ಏನಾದೀತು ಎಂದು ಪುಟ ತುಂಬಿಸುತ್ತಿದ್ದವನು ಇಲ್ಲಿ ಬರೆದದ್ದು ಒಂದೇ ಪದ: "ಸರಿಪಡಿಸಿದೆ." ತಾರೀಖು ನೋಡಿದೆ. ಅದರ ಹಿಂದಿನ ದಿನವೇ ನಾನು ಊಟದ ಮೇಜಿನಲ್ಲಿ ಎಲ್ಲರೆದುರು, "ಲೋ, ಕಮಿಟ್ ಮಾಡು ಅಂದ್ರೆ ಪುರಾಣ ಬಿಚ್ತೀಯಲ್ಲೋ," ಎಂದು ನಿನಗೆ ಪುರಾಣಿಕ ಅಂತ ಹೆಸರಿಟ್ಟದ್ದು. ನೀನೂ ನಕ್ಕಿದ್ದೆ.

"ತೆಗೆದ್ರಾ?" ಎನ್ನುತ್ತ ಮೇಡಂ ಬಂದರು.

"ಇಲ್ಲ ಮೇಡಂ. ಹೆದರಿಕೆ."

"ಏನಾಗತ್ತೆ ಅಂತ?"

"ಅದೇ ಗೊತ್ತಿಲ್ಲ."

ಆ ಹತ್ತು ಸೆಕೆಂಡಿನ ಸಾಲನ್ನು ಹಾಗೇ ಉಳಿಸಿದೆ. ಆದರೆ ಅಷ್ಟಕ್ಕೆ ಸುಮ್ಮನಿರಲಾರದೆ ಮುಂದಿನ ಮೆಸೇಜುಗಳನ್ನೂ ನೋಡಿದೆ, ಮಾರಾಯ. ಆ ದಿನದಿಂದ ಕೊನೆಯವರೆಗೂ ನೀನು ಬರೆದದ್ದೆಲ್ಲ ಒಂದೊಂದೇ ಪದ. ಆ ಬದಲಾವಣೆಗಳನ್ನೆಲ್ಲ ಹೊತ್ತ ಯಂತ್ರಗಳು ಈಗಲೂ ಯಾರ್ಯಾರದೋ ಹಾಸಿಗೆಯ ಪಕ್ಕ ಹನಿಸುತ್ತಿವೆ.